‘ಹೋಗು’ ಎನ್ನದ ಕಂಪೈಲರ್

ಹಳೆಯ ಟಿವಿ ಗೇಮ್ ಕೊಳ್ಳುವವರು ಮೊದಲು ಕ್ಯಾಸೆಟ್ ಕೂಡಿಸುವ ಬಾಯಿ ನೋಡಬೇಕು. ಅಲ್ಲಿ ಹಸಿರು ಕಿಲುಬು ಕಂಡರೆ ಅರ್ಧ ಬೆಲೆಗೆ ಕೇಳಿ; ಮಾರುವವರು ಒಲ್ಲೆ ಅಂದರೆ ಎದ್ದು ನಡೆಯಿರಿ, ಮೂರು ಹೆಜ್ಜೆಗೆ ಅವರೇ ಕರೆಯುತ್ತಾರೆ. ತಾಳಿಕೋಟೆಯ ಗುಜರಿಯವನಿಂದ ನಾನು ಹಾಗೆಯೇ ಒಂದನ್ನು ತಂದೆ, ಇಂಡಿ ಊರಿನಲ್ಲಿದ್ದ ಅಕ್ಕನಿಗಾಗಿ.

ಅಕ್ಕನ ನರಗಳು ಒಂದೊಂದಾಗಿ ಸಾಯುತ್ತಿದ್ದವು. ಮೊದಲು ಕಾಲು, ಆಮೇಲೆ ಎಡಗೈ. ಬಲಗೈಯ ಹೆಬ್ಬೆರಳೊಂದು ಉಳಿದಿತ್ತು. ಸಣ್ಣವರಿದ್ದಾಗ ಇಂಥದೇ ಆಟಕ್ಕೆ ಬಡಿದಾಡಿದವರು ನಾವು.

"ನನಗೊಂದು ಆಟ ಮಾಡಿಕೊಡೋ. ಭೀಮಾ ಹೊಳಿ ತುಂಬೈತಿ, ತೆಪ್ಪದಾಗ ದಾಟಬೇಕು. ಒಂದ ಬಟನ್ ಸಾಕು. ಬೆರಳು ಇರೂದ್ರಾಗ ನಾನ ಆಚಿ ದಂಡಿ ಮುಟ್ಟಬೇಕು," ಎಂದಳು.

ಸಿಂದಗಿಯಲ್ಲಿ ನನ್ನದು ಟಿವಿ ರಿಪೇರಿ ಅಂಗಡಿ. ಕಲಿತದ್ದೆಲ್ಲ ಸುಟ್ಟ ಬೋರ್ಡುಗಳಿಂದಲೇ. ಆ ಯಂತ್ರಕ್ಕೆ ತಿಳಿಯುವುದು ಬರೀ ಅಂಕಿ. ಅಂಕಿಯಲ್ಲೇ ಬರೆಯುತ್ತ ಕೂತರೆ ವರ್ಷ ಹಿಡಿಯುತ್ತಿತ್ತು. ಹಾಗಾಗಿ ನಮ್ಮ ಮಾತನ್ನು ಅಂಕಿಗೆ ತಿರುಗಿಸಿಕೊಡುವ ಕಂಪೈಲರ್ ಒಂದನ್ನು ನಾನೇ ಬರೆದೆ. ಪದಗಳನ್ನು ಅಕ್ಕ ಹೇಳಿದಳು: ‘ಇದ್ರ’, ‘ಇಲ್ಲಂದ್ರ’, ‘ಸಾಕು’. ಪ್ರೋಗ್ರಾಮಿನ ಒಂದು ಸಾಲಿನಿಂದ ಇನ್ನೊಂದಕ್ಕೆ ಜಿಗಿಯಲು ‘ಹೋಗು’, ಜಿಗಿದು ಕೆಲಸ ಮುಗಿಸಿ ಮರಳಲು ‘ಹೋಗಿ ಬಾ’ ಎಂದು ನಾನು ಇಟ್ಟಿದ್ದೆ.

"ಹೊಂಟವರಿಗೆ ಬರೇ ‘ಹೋಗು’ ಅಂತಾರೇನೋ, ಖೋಡಿ? ತಗಿ ಅದನ್ನ!"

ನಮ್ಮ ಮನೆಗಳಲ್ಲಿ ಹಾಗೆ ಯಾರೂ ಅನ್ನುವುದಿಲ್ಲ, ಖರೆ. ತೆಗೆದೆ. ಎಲ್ಲ ಕಡೆ ‘ಹೋಗಿ ಬಾ’ ಮಾಡಿದೆ.

ಆಟ ತಯಾರಾಯಿತು, ಇಂಡಿಗೆ ಒಯ್ದು ಅಕ್ಕನ ಟಿವಿಗೆ ಹಚ್ಚಿದೆ. ಆದರೆ ತೆಪ್ಪ ನಡುಹೊಳೆಗೆ ಬಂದ ಕೂಡಲೇ ಚಿತ್ರ ಹಾಗೇ ನಿಂತುಬಿಡುತ್ತಿತ್ತು.

"ನಿನ್ನ ರಿಪೇರಿ ಹಿಂಗ ಇದ್ರ ಗಿರಾಕಿ ಹೆಂಗ ಬರ್ತಾರಪ್ಪಾ?" ಎಂದು ಅಕ್ಕ ನಕ್ಕಳು. ನಗುವಾಗ ಉಸಿರು ಸಿಕ್ಕಿಕೊಂಡಿತು.

ಅಂಗಡಿಗೆ ಮರಳಿ ಎಂಟು ದಿನ ವೈರನ್ನು, ಐಸಿಯನ್ನು ದೂರಿದೆ. ತಪ್ಪು ಇದ್ದದ್ದು ಪದದಲ್ಲಿ. ‘ಹೋಗಿ ಬಾ’ ಅಂದಾಗಲೆಲ್ಲ ಯಂತ್ರ ಮರಳಬೇಕಾದ ಜಾಗವನ್ನು ಬರೆದಿಟ್ಟುಕೊಳ್ಳುತ್ತದೆ, ಮರಳಿದ ಮೇಲೆ ಬಿಟ್ಟುಕೊಡುತ್ತದೆ. ಹೊಳೆಯ ಅಲೆಗಳಿಗೆ ಮರಳುವುದು ಎಂಬುದೇ ಇಲ್ಲ. ಒಂದು ಮುಗಿದರೆ ಮುಂದಿನದು. ಬರೆದಿಟ್ಟದ್ದು ತುಂಬಿ ತುಂಬಿ, ತೆಪ್ಪ ಎಲ್ಲಿದೆ ಎಂಬ ನೆನಪಿನ ಮೇಲೇ ಹರಿದುಬಿಡುತ್ತಿತ್ತು.

"ಒಂದ ಕಡೆ ‘ಹೋಗು’ ಹಾಕಲೇಬೇಕಕ್ಕಾ," ಎಂದು ಫೋನಿನಲ್ಲಿ ಹೇಳಿದೆ.

"ನಾ ಮಲಗಿರೂ ಮನ್ಯಾಗ ಆ ಮಾತು ಬ್ಯಾಡ."

ಚೌಕಾಶಿ ನನ್ನ ಕಸುಬು. ನಾನು ಎಳೆದೆ, ಅವಳೂ ಎಳೆದಳು. ನಾಲ್ಕನೆಯ ದಿನ ‘ನಡಿ’ ಎಂಬ ಪದಕ್ಕೆ ಇಬ್ಬರೂ ಒಪ್ಪಿದೆವು. ಯಂತ್ರದೊಳಗೆ ‘ಹೋಗು’, ‘ನಡಿ’ ಎರಡಕ್ಕೂ ಒಂದೇ ಅಂಕಿ. ಅವಳು ಬೇಡವೆಂದ ಗಳಿಗೆಯಲ್ಲೇ ಬೇರೆ ಪದ ಹಾಕಿಕೊಂಡು ಬಸ್ಸು ಹತ್ತಬಹುದಿತ್ತು. ನಿಮಗೂ ಹೇಳುತ್ತೇನೆ: ದಿನ ಕಮ್ಮಿ ಇರುವವರು ಏನಾದರೂ ಕೇಳಿದರೆ ಒಂದೇ ಮಾತಿಗೆ ಹೂಂ ಅನ್ನಿ.

ಹೊಸ ಕ್ಯಾಸೆಟ್ ಹಿಡಿದು ಇಂಡಿಯಲ್ಲಿ ಇಳಿದಾಗ ಮಟಮಟ ಮಧ್ಯಾಹ್ನ. ಹೆಬ್ಬೆರಳು ಹಿಂದಿನ ದಿನವೇ ನಿಂತುಹೋಗಿತ್ತು. ಅದನ್ನು ಬಟನ್ನಿನ ಮೇಲಿಟ್ಟು, ಅದರ ಮೇಲೆ ನನ್ನ ಬೆರಳಿಟ್ಟು ಒತ್ತಿದೆ. ತೆಪ್ಪ ನಡುಹೊಳೆ ದಾಟಿ ದಂಡೆಗೆ ಹತ್ತಿತು.

"ಮುಟ್ಟಿದಿ ನೋಡಕ್ಕಾ!"

"ನೀ ಮುಟ್ಟಿದಿ," ಎಂದಳು. ಅವಳು ಟಿವಿಯನ್ನು ನೋಡುತ್ತಿರಲಿಲ್ಲ, ಬೆರಳನ್ನು ನೋಡುತ್ತಿದ್ದಳು.

ಕ್ಯಾಸೆಟ್ ಬಿಚ್ಚಿ ಅಲ್ಲೇ ಇಟ್ಟೆ. ಬಾಗಿಲಲ್ಲಿ ನಿಂತು, "ಹೋಗಿ ಬರ್ತೇನಿ ಅಕ್ಕಾ," ಎಂದೆ.

"ನಡಿ," ಎಂದಳು.