ಉಮ್ಮನ ಜತೆಗೆ ಕೂತ ಬೆಳಗುಗಳು

ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹೊಸತಾಗಿ ಒಂದು ತಿಂಡಿ ಅಂಗಡಿ ಆಗಿದೆ. ಕಾಲೇಜಿನ ಲೈಬ್ರರಿ ಕೆಲಸ ಮುಗಿಸಿ ಮೊನ್ನೆ ಆ ದಾರಿಯಾಗಿ ಬರುವಾಗ ತೆಂಗಿನೆಣ್ಣೆಯಲ್ಲಿ ಸಣ್ಣ ನೀರುಳ್ಳಿ ಕೆಂಪಗಾಗುವ ವಾಸನೆ ಬಂತು. ಅದರ ಬೆನ್ನಿಗೇ ಬೆಲ್ಲ ಕೂಡಿಸಿದ ಅಕ್ಕಿಹಿಟ್ಟು ಬೇಯುವ ವಾಸನೆ. ಕಲ್ತಪ್ಪ... ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಯ ಆ ತಿಂಡಿಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ಪುಂಜಾಲಕಟ್ಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಉಮ್ಮ ನೆನಪಾದರು.

ಉಮ್ಮ ಎಂದರೆ ತಾಯಿ. ಅವರ ಮಕ್ಕಳು ಹಾಗೆ ಕರೆಯುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಆಗ ನಾವು ಪುಂಜಾಲಕಟ್ಟೆಯಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಬೆಳಿಗ್ಗೆ ಎಂಟರ ಬಸ್ಸಿಗೆ ಕೆಲಸಕ್ಕೆ ಹೋದರೆ ಬರುವಾಗ ಕತ್ತಲಾಗುತ್ತಿತ್ತು. ಮನೆಯಲ್ಲಿ ನಾನು ಮತ್ತು ಮಗಳು. ನನ್ನ ತವರು ವಿಟ್ಲ, ಕರೆದ ಕೂಡಲೇ ಬರುವಷ್ಟು ಹತ್ತಿರವಲ್ಲ.

ಮಗಳಿಗೆ ಹನ್ನೊಂದು ತಿಂಗಳಿರುವಾಗ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಯಾರೋ ಪ್ರೀತಿಯಿಂದ ಅರ್ಧ ಚಮಚ ಪಾಯಸ ಅವಳ ಬಾಯಿಗಿಟ್ಟರು. ಅದಕ್ಕೆ ಗೇರುಬೀಜ ಅರೆದು ಹಾಕಿದ್ದರು. ಹತ್ತು ನಿಮಿಷದಲ್ಲಿ ತುಟಿ ಊದಿತು, ಮೈಯೆಲ್ಲ ತುರಿಸುವ ಕೆಂಪು ದಡಿಕೆ ಎದ್ದಿತು, ತಿಂದದ್ದನ್ನೆಲ್ಲ ವಾಂತಿ ಮಾಡಿ ಮಗು ನನ್ನ ಹೆಗಲ ಮೇಲೆ ಸೋತು ಮಲಗಿತು. ಬಂಟ್ವಾಳದ ಆಸ್ಪತ್ರೆ ಮುಟ್ಟುವವರೆಗೆ ನಾನು ಅವಳ ಉಸಿರನ್ನೇ ಕೇಳುತ್ತಿದ್ದೆ.

ಡಾಕ್ಟರು ಪರೀಕ್ಷೆ ಮಾಡಿಸಿ, ಗೇರುಬೀಜ ಮತ್ತು ಪಿಸ್ತಾ ಮುಟ್ಟಿಸಲೇಬಾರದು ಎಂದರು. ನೆಲಗಡಲೆಯನ್ನು ಮುಂದೆ ಆಸ್ಪತ್ರೆಯಲ್ಲೇ ಕೊಟ್ಟು ನೋಡುವ ಎಂದರು. ಉಳಿದದ್ದನ್ನೆಲ್ಲ ಒಂದೊಂದಾಗಿ, ಚೂರು ಚೂರಾಗಿ, ಮಗು ಆರೋಗ್ಯವಾಗಿರುವ ದಿನ ನೋಡಿ ಬೆಳಗಿನ ಹೊತ್ತು ಕೊಡಬೇಕು, ಸುಮ್ಮನೆ ಹೆದರಿ ನಿಲ್ಲಿಸಬಾರದು ಎಂದೂ ಹೇಳಿ ಚೀಟಿಯಲ್ಲಿ ಬರೆದುಕೊಟ್ಟರು. ಮನೆಗೆ ಬಂದ ನಾನು ಎಲ್ಲವನ್ನೂ ನಿಲ್ಲಿಸಿದೆ. ಗಂಜಿ, ಉಪ್ಪು, ಬೇಯಿಸಿದ ಕ್ಯಾರೆಟ್, ನನ್ನ ಹಾಲು. ಮೊಟ್ಟೆ ಇಲ್ಲ, ಮೀನಿಲ್ಲ, ಎಳ್ಳಿಲ್ಲ. ಕೊನೆಗೆ ತೆಂಗಿನಕಾಯಿಯೂ ಇಲ್ಲ. ನಮ್ಮ ಊರಲ್ಲಿ ತೆಂಗಿನಕಾಯಿ ಇಲ್ಲದೆ ಅಡುಗೆ ಮಾಡುವುದು ಎಂಥದ್ದೆಂದು ಹೇಳಬೇಕಾಗಿಲ್ಲ. ಗಂಡ ಎರಡು ತಿಂಗಳು ಸಪ್ಪೆ ಸಾರು ಉಂಡರು. ಮಗಳ ತೂಕ ಏರಲೇ ಇಲ್ಲ.

ಒಂದು ದಿನ ಉಮ್ಮ ನಮ್ಮ ಜಗಲಿಗೆ ಬಂದು ಕೂತರು. ಐವತ್ತೈದು ದಾಟಿದ, ಗಟ್ಟಿ ದನಿಯ ಹೆಂಗಸು. ನನ್ನೊಡನೆ ತುಳು ಮಾತಾಡುತ್ತಿದ್ದವರು ಮಗಳ ಎದುರು ಮಾತ್ರ ಕನ್ನಡ. ಅವಳು ನಾಳೆ ಶಾಲೆಗೆ ಹೋಗುವವಳಲ್ಲವೇ, ಈಗಲೇ ಕಿವಿಗೆ ಬೀಳಲಿ ಎಂಬುದು ಅವರ ಲೆಕ್ಕ.

"ನಿಮ್ಮ ಮನೆಯಲ್ಲಿ ಕಾಯಿ ತುರಿಯುವ ಸದ್ದೇ ಇಲ್ಲ. ಎಂತ ಆಯಿತು?"

ನಾನು ಹೇಳಿದೆ. ಅವರು ಚೀಟಿ ತರಿಸಿ, ನನ್ನಿಂದಲೇ ಗಟ್ಟಿಯಾಗಿ ಓದಿಸಿದರು.

"ಡಾಕ್ಟರ್ ಎರಡು ಮಾತು ಹೇಳಿದ್ದಾರೆ. ನೀವು ಒಂದೇ ಕೇಳಿದ್ದು. ಕೊಡಬೇಡಿ ಅಂದದ್ದು ಕೇಳಿದ್ದೀರಿ, ಕೊಡಿ ಅಂದದ್ದು ಕೇಳಲಿಲ್ಲ."

"ಹೆದರಿಕೆ ಆಗ್ತದೆ ಉಮ್ಮ. ಒಬ್ಬಳೇ ಇರುವುದಲ್ವಾ ನಾನು."

"ಒಬ್ಬಳೇ ಯಾಕೆ? ನಾನು ಬರ್ತೇನೆ. ನಾಳೆ ಒಂಬತ್ತು ಗಂಟೆಗೆ ಕೂರುವ."

ಹಾಗೆ ಶುರುವಾಯಿತು. ಜಗಲಿಯಲ್ಲಿ ಚಾಪೆ, ಪಕ್ಕದಲ್ಲಿ ಡಾಕ್ಟರು ಕೊಟ್ಟ ಮದ್ದು ಮತ್ತು ಫೋನು. ಪೇಟೆಯಲ್ಲಿ ರಿಕ್ಷಾ ಓಡಿಸುತ್ತಿದ್ದ ತಮ್ಮ ತಂಗಿಯ ಮಗನಿಗೆ, ಆ ಹೊತ್ತಿಗೆ ದೂರದ ಬಾಡಿಗೆ ಹಿಡಿಯಬೇಡ ಎಂದು ಅವರೇ ಹೇಳಿಟ್ಟಿದ್ದರು. ಮೊದಲ ದಿನ ಗಂಜಿಗೆ ಎರಡು ಹನಿ ಕಾಯಿಹಾಲು. ಮಗಳು ನೆಕ್ಕಿದಳು, ಇನ್ನೂ ಬೇಕೆಂದು ಬಾಯಿ ತೆರೆದಳು. ನಾವು ಎರಡು ಗಂಟೆ ಅವಳ ತುಟಿಯನ್ನೇ ನೋಡುತ್ತ ಕೂತೆವು. ಏನೂ ಆಗಲಿಲ್ಲ. ಉಮ್ಮ ಎದ್ದು ಸೆರಗು ಕೊಡವಿ, "ಇವತ್ತು ಗಂಡನಿಗೆ ಒಂದು ಚಟ್ನಿ ಅರೆಯಿರಿ, ಪಾಪ," ಎಂದು ಹೋದರು.

ಆಮೇಲೆ ಒಂದೊಂದೇ. ನಾಲ್ಕು ದಿನಕ್ಕೊಂದು ಹೊಸತು. ಮೊಟ್ಟೆ, ರಾಗಿ, ಹೆಸರುಬೇಳೆ, ಎಳ್ಳು, ಮುಳ್ಳು ತೆಗೆದ ಬಂಗುಡೆ ಮೀನು. ಮೊದಲ ಸಲ ಬಂಗುಡೆ ತಿಂದ ದಿನ ಮಗಳು ಉಮ್ಮನ ಬೆರಳನ್ನೇ ಚೀಪಿದ್ದಳು. ಆ ಬೆಳಗುಗಳಲ್ಲಿ ಉಮ್ಮ ಏನೇನೋ ಹೇಳುತ್ತಿದ್ದರು, ಸೌದಿಯ ದಮ್ಮಾಮಿನಲ್ಲಿರುವ ಮಗನ ಸುದ್ದಿ, ಐದನೇ ಕ್ಲಾಸಿಗೆ ಬಿಟ್ಟ ತನ್ನ ಶಾಲೆಯ ಸುದ್ದಿ... ಮಾತಾಡುತ್ತಿದ್ದರೂ ಕಣ್ಣು ಮಾತ್ರ ಮಗುವಿನ ಮುಖ ಬಿಟ್ಟು ಕದಲುತ್ತಿರಲಿಲ್ಲ. ನನ್ನ ಹೆದರಿಕೆ ಯಾವಾಗ ಹೋಯಿತೋ ಗೊತ್ತಿಲ್ಲ. ಹೊಸ ತಿಂಡಿಯ ದಿನ ಬರಲಿ ಎಂದು ನಾನೇ ಕಾಯತೊಡಗಿದ್ದೆ.

ಕಲ್ತಪ್ಪವನ್ನು ಉಮ್ಮ ತಮ್ಮ ಮನೆಯಲ್ಲೇ ಮಾಡಿ ತರುತ್ತಿದ್ದರು. ನಾಲ್ಕೈದು ಸಲ ಮಗಳು ತಿಂದು ಖುಷಿಪಟ್ಟಿದ್ದಳು. ಮುಂದಿನ ಸಲ ತಂದದ್ದನ್ನು ಎರಡು ತುಂಡು ತಿಂದವಳೇ ಬಾಯಿ ಕೆರೆದುಕೊಂಡಳು. ಗದ್ದದ ಸುತ್ತ ದಡಿಕೆ, ಮತ್ತೆ ಕೆಮ್ಮು. ನಾನು ಮದ್ದು ಕುಡಿಸುವಷ್ಟರಲ್ಲಿ ಉಮ್ಮ ತನ್ನ ಅಡುಗೆಮನೆಗೆ ಓಡಿ ವಿಚಾರಿಸಿ ಬಂದರು.

"ನಿನ್ನೆ ಗೇರುಬೀಜ ಹುರಿದು ಉಳಿದ ತುಪ್ಪ ಇತ್ತು. ಊರಿಂದ ಬಂದ ನನ್ನ ಅಕ್ಕ ಅದರಲ್ಲೇ ನೀರುಳ್ಳಿ ಕಾಯಿಸಿಕೊಟ್ಟದ್ದು. ನಾನು ನೋಡಲಿಲ್ಲ."

ರಿಕ್ಷಾದಲ್ಲಿ ಬಂಟ್ವಾಳಕ್ಕೆ ಹೋಗುವಾಗ ನಾನು, "ನಿಮ್ಮ ಕೈಯಿಂದ ಇನ್ನು ಏನೂ ಬೇಡ ಉಮ್ಮ," ಎಂದೆ. ಅವರು ದಾರಿಯುದ್ದಕ್ಕೂ ಮಗುವಿನ ಪಾದ ಹಿಡಿದುಕೊಂಡಿದ್ದರು. ಡಾಕ್ಟರು ಕೂಡಲೇ ಇಂಜೆಕ್ಷನ್ ಕೊಟ್ಟರು. ಏನು ಹೊಟ್ಟೆಗೆ ಹೋಗಿದೆಯೆಂದು ಉಮ್ಮ ಏನೂ ಮುಚ್ಚಿಡದೆ ಹೇಳಿದರು. ಇಷ್ಟು ಸ್ಪಷ್ಟವಾಗಿ ಹೇಳುವವರು ಕಡಿಮೆ, ಅದರಿಂದ ನಮಗೆ ಸುಲಭವಾಯಿತು ಎಂದರು ಡಾಕ್ಟರು. ಸಂಜೆ ಮಗಳು ನಗುತ್ತ ಮನೆಗೆ ಬಂದಳು.

ಮರುದಿನದಿಂದ ಉಮ್ಮ ಬರಲಿಲ್ಲ. ನಾನೂ ಹೋಗಲಿಲ್ಲ. ಒಂಬತ್ತು ಗಂಟೆಯಾದರೆ ಮಗಳು ಕಂಪೌಂಡ್ ಗೋಡೆಯ ಬಳಿ ನಿಂತು "ಉಮ್ಮಾ" ಎಂದು ಕೂಗುತ್ತಿದ್ದಳು. ಆ ಕಡೆಯಿಂದ ಸದ್ದಿಲ್ಲ. ಎಂಟು ದಿನ ಹೀಗೆ ಕಳೆಯಿತು. ಆ ಎಂಟು ದಿನದಲ್ಲಿ ನಾನು ಒಂದೇ ಒಂದು ಹೊಸ ತಿಂಡಿ ಕೊಡಲಿಲ್ಲ. ಒಬ್ಬಳೇ ಕೂರಲು ನನ್ನಿಂದ ಆಗಲಿಲ್ಲ. ಒಂಬತ್ತನೆಯ ದಿನ ಮಗಳನ್ನು ಎತ್ತಿಕೊಂಡು ಅವರ ಮನೆಗೆ ಹೋದೆ. ಉಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು.

"ಅವತ್ತು ನಾನು ಹಾಗೆ ಹೇಳಬಾರದಿತ್ತು," ಎಂದೆ.

"ತಪ್ಪು ನನ್ನದೇ. ಅಡುಗೆಮನೆ ನನ್ನದಲ್ವಾ?" ಎಂದರು. ಒದ್ದೆ ಕೈ ಒರೆಸಿಕೊಂಡು ಮಗಳನ್ನು ಎತ್ತಿಕೊಂಡರು. ಅವಳ ಕೆನ್ನೆಯನ್ನು ತಿರುಗಿಸಿ ತಿರುಗಿಸಿ ನೋಡಿದ ಮೇಲೆ ನನ್ನ ಕಡೆ ಮುಖ ಮಾಡಿದರು. "ಇನ್ನು ಮೇಲೆ ನಿಮ್ಮ ಅಡುಗೆಮನೆಯಲ್ಲೇ ಮಾಡುವ, ನಿಮ್ಮ ಕಣ್ಣೆದುರು. ನಾಳೆ ಎಂತ ಕೊಡುವ?"

ನನಗೆ ಅಳು ಬಂತು, ಜತೆಗೆ ನಗುವೂ. ಕಡಲೆಬೇಳೆ ಎಂದೆ.

ಮಗಳಿಗೆ ಮೂರು ತುಂಬಿದ ಮೇಲೆ ಆಸ್ಪತ್ರೆಯಲ್ಲಿ ನೆಲಗಡಲೆ ಕೊಟ್ಟು ನೋಡಿದರು. ಅವತ್ತೂ ಉಮ್ಮ ಬಂದಿದ್ದರು. ಅರ್ಧ ದಿನ ಬೆಂಚಿನ ಮೇಲೆ ಜಪಮಾಲೆ ಎಣಿಸುತ್ತ ಕೂತಿದ್ದರು. ನೆಲಗಡಲೆ ಆಗುತ್ತದೆ ಎಂದು ಗೊತ್ತಾದಾಗ, ಬರುವ ದಾರಿಯಲ್ಲಿ ಚಿಕ್ಕಿ ಕೊಡಿಸುತ್ತೇನೆ ಎಂದು ಹಟ ಹಿಡಿದರು. ಪೊಟ್ಟಣದ ಹಿಂದೆ ಬರೆದದ್ದನ್ನು ನಾನು ಎರಡು ಸಲ ಓದಿದೆ, ಅವರು ನನ್ನಿಂದ ಮೂರನೆಯ ಸಲ ಓದಿಸಿದರು.

ಮರುವರ್ಷ ನನಗೆ ಮೂಡುಬಿದಿರೆಯಲ್ಲಿ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದೆವು. ಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೆ... ಕಳೆದ ವರ್ಷ ಉಮ್ಮ ತೀರಿಕೊಂಡರು. ನನಗೆ ಗೊತ್ತಾಗುವಾಗ ಹದಿನೈದು ದಿನ ಕಳೆದಿತ್ತು. ಆ ಮುಖವನ್ನು ಕೊನೆಗೊಮ್ಮೆ ನೋಡಲು ಆಗಲಿಲ್ಲ ಎಂಬುದು ಈಗಲೂ ಕೊರೆಯುತ್ತದೆ.

ಮೊನ್ನೆ ಆ ವಾಸನೆ ಬಂದ ಮೇಲೆ ತಡೆಯಲಾಗದೆ, ಭಾನುವಾರ ಮಗಳನ್ನು ಕರೆದುಕೊಂಡು ಪುಂಜಾಲಕಟ್ಟೆಗೆ ಹೋದೆ. ಅವಳೀಗ ಒಂಬತ್ತನೇ ತರಗತಿ. ಉಮ್ಮನ ಸೊಸೆ ನಮ್ಮನ್ನು ಊಟ ಮಾಡದೆ ಬಿಡಲಿಲ್ಲ. ನಾವು ಮನೆ ಬಿಟ್ಟ ಮೇಲೆ ಮದುವೆಯಾಗಿ ಬಂದ ಹುಡುಗಿ, ನಮ್ಮ ಪರಿಚಯ ಅಷ್ಟಕ್ಕಷ್ಟೇ. ತುಪ್ಪದನ್ನ ಬಡಿಸುವಾಗ ಮಗಳು ಎಲ್ಲಿ ಹೋದರೂ ಕೇಳುವ ಹಾಗೆ ಇಲ್ಲಿಯೂ ಕೇಳಿದಳು.

"ಅಕ್ಕಾ, ಇದರಲ್ಲಿ ಗೇರುಬೀಜ ಉಂಟಾ?"

"ಇಲ್ಲ. ನಾನು ಬಂದಾಗಿನಿಂದ ಈ ಮನೆಯೊಳಗೆ ಗೇರುಬೀಜ ತಂದದ್ದೇ ಇಲ್ಲ. ಹಬ್ಬಕ್ಕೂ ಇಲ್ಲ. ಮಾಮಿ ಬಿಡ್ತಿರಲಿಲ್ಲ. ಅವರಿಗೆ ಅದು ಆಗ್ತಿರಲಿಲ್ಲ ಅಂತ ಕಾಣ್ತದೆ."

"ಉಮ್ಮನಿಗಲ್ಲ," ಎಂದೆ.

ಸೊಸೆಯ ಕೈಯ ಸೌಟು ಹಾಗೆಯೇ ನಿಂತಿತು. ಮಗಳು ತಟ್ಟೆಯಿಂದ ಮುಖ ಎತ್ತಿದಳು. ಅಂದು ಮಧ್ಯಾಹ್ನ ಅವರಿಬ್ಬರನ್ನೂ ಕೂರಿಸಿಕೊಂಡು ಮೊದಲಿನಿಂದ ಎಲ್ಲವನ್ನೂ ಹೇಳಿದೆ.