ಡಬ್ಬಿಗೆ ಕಟ್ಟಿದ ದಾರ

ಮೆಹದಿಪಟ್ಟಣಂನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಸಾಫ್ಟ್‌ವೇರ್ ಪರೀಕ್ಷಿಸುವವಳು. ಪರದೆಯ ಮೇಲಿನ ಬಟನ್‌ಗಳನ್ನು ತಾನಾಗಿಯೇ ಹುಡುಕಿ ಒತ್ತುವ ಪ್ರೋಗ್ರಾಂ ಬರೆಯುತ್ತಿದ್ದಳು. ಭಾನುವಾರ ನಮ್ಮ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂರುತ್ತಿದ್ದಳು. ಪ್ರೋಗ್ರಾಮಿಗೆ ಬಟನ್ ಸಿಕ್ಕಿದೊಡನೆ ಮೆಲ್ಲಗೆ "ಸಿಕ್ತ್ರಿ" ಎನ್ನುವಳು, ಯಾರಿಗೆಂದು ಗೊತ್ತಿಲ್ಲ.

ಒಂದು ದಿನ ನಾನು ಕಪಾಟು ಒರೆಸುವಾಗ ಮಾತ್ರೆಯ ಡಬ್ಬಿಗಳನ್ನು ಅದಲುಬದಲಾಗಿ ಇಟ್ಟುಬಿಟ್ಟಿದ್ದೆ. ಕಣ್ಣು ಮಂಜಾಗಿದ್ದ ಅತ್ತೆ ಎಂದಿನಂತೆ ಎಡದಿಂದ ಮೂರನೆಯ ಡಬ್ಬಿ ಎತ್ತಿ, ಮಾತ್ರೆಯನ್ನು ಬಾಯಿಗೆ ಹಾಕಲಿದ್ದರು. ಹುಡುಗಿ ಅವರ ಕೈ ಹಿಡಿದಳು.

"ಅಜ್ಜಿ, ಅದು ಬಿಪಿದಲ್ರಿ, ನಿದ್ದಿದು."

"ಮೂರನೇದ ಐತಲ್ಲವಾ?"

"ನನ್ನ ಪ್ರೋಗ್ರಾಮೂ ಹಿಂಗ ಮಾಡ್ತಿತ್ರಿ. ಮೂರನೇದು ಒತ್ತು ಅಂತ ಬರೆದಿದ್ದೆ. ನಡುವ ಹೊಸಾ ಬಟನ್ ಬಂತು, ಬ್ಯಾರೇದನ್ನ ಒತ್ತಿಬಿಡ್ತು. ಜಾಗಾ ನಂಬಬಾರದ್ರಿ, ಗುರ್ತು ಬೇಕು."

ನನ್ನ ಮುಖ ಸಪ್ಪಗಾದದ್ದನ್ನು ಕಂಡು, "ಹಿಂಗ ಕಪಾಟು ಒರೆಸಿ ಜಾಗಾ ಬದಲ್ ಮಾಡೋರು ನಮ್ಮ ಆಫೀಸಿನ್ಯಾಗೂ ಭಾಳ ಮಂದಿ ಅದಾರ್ರಿ, ಆಂಟಿ" ಎಂದು ನಕ್ಕಳು. ಬಿಪಿ ಡಬ್ಬಿಯ ಕುತ್ತಿಗೆಗೆ ಉಲ್ಲನ್ ದಾರ ಸುತ್ತಿ ದಪ್ಪ ಗಂಟು ಹಾಕಿದಳು.

ಅವಳು ಮನೆ ಬಿಟ್ಟುಹೋಗಿ ಬಹಳ ಕಾಲವಾಯಿತು. ಡಬ್ಬಿ ಎಷ್ಟೋ ಸಲ ಬದಲಾಗಿದೆ, ದಾರ ಅದೇ. ಬೆಳಿಗ್ಗೆ ಅತ್ತೆ ಕಪಾಟಿನಲ್ಲಿ ತಡವುತ್ತಾರೆ. ಗಂಟು ಬೆರಳಿಗೆ ತಾಗಿದೊಡನೆ, ಅವಳಂತೆಯೇ ಮೆಲ್ಲಗೆ, "ಸಿಕ್ತ್ರಿ" ಎನ್ನುತ್ತಾರೆ.