ತಾತ ಜೈಲಿಗೆ ಹೋದ ಕಥೆ

ನುಸಿಗುಳಿಗೆಯ ವಾಸನೆ ಬಡಿದರೆ ನನಗೆ ಮೊದಲು ಸೀನು ಬರುತ್ತದೆ, ಆಮೇಲೆ ನಾಚಿಕೆ. ಸ್ವಾತಂತ್ರ್ಯ ದಿನದ ಹಿಂದಿನ ಸಂಜೆ ಮೊಮ್ಮಗಳು ಅನಘಾ ಬೀರುವಿನ ತಳದಿಂದ ನನ್ನ ತಾತನ ಜರಿ ಪೇಟ ಎಳೆದುಕೊಂಡು ಬಂದಳು. ‘ನಮ್ಮ ಮನೆಯ ಹೋರಾಟಗಾರ’ ಅಂತ ಶಾಲೆಯಲ್ಲಿ ಭಾಷಣವಂತೆ. ಪೇಟ ಹಾಕಿಕೊಂಡೇ ಮಾತಾಡುತ್ತಾಳಂತೆ. ನನಗೆ ಎರಡು ಸೀನು ಬಂತು.

ಸುಸ್ತಾಗಿದ್ದೇನೆ ಕಣ್ರೀ. ಬೆಳಗಾದರೆ ಫೋನಿಗೆ ಚರಿತ್ರೆ ಬಂದು ಬೀಳುತ್ತದೆ. ಯಾರು ಯಾರನ್ನು ಕೊಂದರು, ಯಾವ ಊರು ಯಾರದ್ದು, ಎಲ್ಲ ಎರಡೇ ಸಾಲಿನಲ್ಲಿ. ವಿದ್ಯಾರಣ್ಯಪುರಂನ ಪಾರ್ಕಿನಲ್ಲಿ ವಾಕಿಂಗ್ ಗೆಳೆಯರು ಅದನ್ನೇ ಒಪ್ಪಿಸುತ್ತಾರೆ. “ಇದಕ್ಕೆ ಆಧಾರ ಏನ್ರೀ?” ಅಂತ ಕೇಳಿ ಕೇಳಿ ನನ್ನ ಬಾಯಿ ನೋಯುತ್ತಿದೆ. ಅವರಿಗೆ ನನ್ನ ಮನೆಯ ವಿಷಯ ಗೊತ್ತಿಲ್ಲ, ಪುಣ್ಯ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಹೈಸ್ಕೂಲಿನಲ್ಲಿ ನಮಗೆ ಚರಿತ್ರೆ ಹೇಳುತ್ತಿದ್ದವರು ಲೂಸಿ ಮಿಸ್. ಬನ್ನಿಮಂಟಪದ ಕಡೆಯಿಂದ ನಡೆದೇ ಬರುತ್ತಿದ್ದರು, ಕೊಡೆ ಹಿಡಿದು, ಮಳೆಯಿರಲಿ ಬಿಡಲಿ. “ಪುಸ್ತಕದಲ್ಲಿರೋದನ್ನ ಓದ್ಕೊಳ್ಳಿ, ಇಲ್ಲದೇ ಇರೋದನ್ನ ಮನೇಲಿ ಕೇಳ್ಕೊಂಡು ಬನ್ನಿ” ಎನ್ನುವುದು ಅವರ ಪದ್ಧತಿ. ಇಸವಿಗಳನ್ನು ಉರುಹೊಡೆದವನಿಗೆ ಅವರಲ್ಲಿ ಮರ್ಯಾದೆ ಇರಲಿಲ್ಲ. ಒಬ್ಬ ಹುಡುಗ ಎದ್ದು ಚರಿತ್ರೆ ಯಾಕೆ ಓದಬೇಕು ಎಂದು ಕೇಳಿದ. ಮಿಸ್ ಸಿಟ್ಟಾಗಲಿಲ್ಲ. “ರಾಜರ ಕಾಲದಲ್ಲಿ ನೀನು ಓದದೇ ಇದ್ರೂ ನಡೀತಿತ್ತಪ್ಪ. ಈಗ ಓಟು ಹಾಕೋನು ನೀನು. ಯಾರೋ ಬಂದು ನಿಮ್ಮಜ್ಜ ಹಂಗಿದ್ದ, ಪಕ್ಕದ ಮನೆಯವನ ಅಜ್ಜ ಹಿಂಗಿದ್ದ ಅಂದ್ರೆ ನಂಬ್ಬುಟ್ಟು ಹಾಕ್ಬುಡ್ತೀಯಾ?” ಅಂದರು.

ನಾನೂ ಮನೆಯಲ್ಲಿ ಕೇಳಿದೆ. ಅಜ್ಜಿ ಹೂಬತ್ತಿ ಹೊಸೆಯುತ್ತ ಕೂತಿದ್ದಳು. ತಾತ ಆಗಲೇ ತೀರಿಕೊಂಡಿದ್ದರು. ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು.

“ರಾಜರ ಕಾಲ. ಜನ ಆರಿಸಿದ ಜವಾಬ್ದಾರಿ ಸರ್ಕಾರ ಬೇಕೂಂತ ಹುಡುಗ್ರು ಮೆರವಣಿಗೆ ಹೊರಟ್ರು ಕಣೋ. ನಿಮ್ತಾತ ಕಚೇರಿ ಕಿಟಕೀಲಿ ನಿಂತು ಗುರುತಿದ್ದೋರ ಹೆಸರೆಲ್ಲ ಬರ್ಕೊಟ್ಬುಟ್ರು. ಮೇಲಿನೋರು ಕೇಳಿದ್ರು, ಕೊಟ್ರು. ಹುಡುಗ್ರನ್ನ ಪೊಲೀಸ್ನೋರು ಹಿಡ್ಕೊಂಡು ಹೋದ್ರು. ಐದು ಮಕ್ಕಳ ಸಂಸಾರ, ಕೆಲಸ ಹೋದ್ರೆ? ಆಮೇಲೆ ಎಷ್ಟೋ ದಿನ ಅನ್ನ ಸೇರ್ಲಿಲ್ಲ ಅವರಿಗೆ.”

ಇದನ್ನು ಕ್ಲಾಸಿನಲ್ಲಿ ಹೇಗೆ ಹೇಳಲಿ, ನೀವೇ ಹೇಳಿ. ತಾತನನ್ನು ಕಿಟಕಿಯಿಂದ ಇಳಿಸಿ ಬೀದಿಗೆ ತಂದೆ. ಕೈಗೊಂದು ಬಾವುಟ ಕೊಟ್ಟೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಚಪ್ಪಾಳೆಯ ಆಸೆಗೆ ಮೂರು ತಿಂಗಳು ಜೈಲಿಗೂ ಕಳಿಸಿದೆ. ಲೂಸಿ ಮಿಸ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಅಜ್ಜೀನ ಇನ್ನೊಂದ್ಸಲ ಕೇಳು ಕಣೋ” ಅಂದರು, ಅಷ್ಟೇ. ನಾನು ಕೇಳಲಿಲ್ಲ. ಅಜ್ಜಿ ಹೋದ ಮೇಲೆ ತಡೆಯುವವರೂ ಇರಲಿಲ್ಲ. ಮದುವೆ ಮನೆಗಳಲ್ಲಿ, ಆಫೀಸಿನಲ್ಲಿ ಹೇಳಿ ಹೇಳಿ, ಒಂದೊಂದು ಸಲ ನಾನೇ ನಂಬುತ್ತಿದ್ದೆ. ಮಗನಿಗೆ ಹೇಳಿದೆ, ಅವನು ಮಗಳಿಗೆ ಹೇಳಿದ.

ಈಗ ಅವಳು ನನ್ನೆದುರು ನಿಂತು, “ಯಾವ ಜೈಲು ತಾತ? ನಮ್ಮ ಮಿಸ್ ಕೇಳಿದ್ರೆ?” ಅಂದಳು. ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಸಾವಿರ ಜನರೆದುರು ಈ ಸುಳ್ಳನ್ನು ಹೇಳುವವಳು ಹನ್ನೆರಡು ವರ್ಷದ ಈ ಮಗು, ಕಟ್ಟಿದವನು ನಾನು. ಕೂರಿಸಿಕೊಂಡು ಎಲ್ಲ ಹೇಳಿದೆ.

ಅಳುತ್ತಾಳೆ ಅಂದುಕೊಂಡಿದ್ದೆ. ಪೇಟ ತೆಗೆದು ಮಂಚದ ಮೇಲಿಟ್ಟಳು. ಆಮೇಲೆ ಕೇಳಿದಳು: “ಆ ಹುಡುಗ್ರ ಮನೇಲೂ ನನ್ನಂಥೋಳು ಯಾರಾದ್ರೂ ನಾಳೆ ಭಾಷಣ ಮಾಡ್ತಾಳಲ್ವಾ? ಅದರಲ್ಲಿ ನಿಮ್ಮ ತಾತ ಬರ್ತಾರಾ?”

ಅಯ್ಯೋ ದೇವರೇ. ಐವತ್ತು ವರ್ಷಕ್ಕೂ ಮಿಕ್ಕಿ ಈ ಕಥೆ ಹೇಳಿದ್ದೇನೆ, ಆ ಹುಡುಗರಿಗೂ ಮನೆಗಳಿದ್ದವು ಎಂದು ಒಂದು ದಿನವೂ ಹೊಳೆದಿರಲಿಲ್ಲ.

“ಬರ್ತಾರೆ ಕಣಮ್ಮ” ಅಂದೆ.

“ಅವರ ಹೆಸರೇನು?”

“ಗೊತ್ತಿಲ್ಲ. ನಾವ್ಯಾರೂ ಕೇಳಲೇ ಇಲ್ಲ.”

ಹೊಸ ಹಾಳೆ ತೆಗೆದು ನಡೆದದ್ದನ್ನೆಲ್ಲ, ಆ ಕೊನೆಯ ಮಾತನ್ನೂ ಸೇರಿಸಿ, ಬರೆದುಕೊಂಡಳು. ಮಾರನೆಯ ದಿನ ಅದನ್ನೇ ಓದಿದಳು. ಚಪ್ಪಾಳೆ ಅಷ್ಟಕ್ಕಷ್ಟೇ. ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತು, ನನ್ನ ಮನೆಯ ಚರಿತ್ರೆಯನ್ನು ಅಜ್ಜಿಯ ನಂತರ ಮೊದಲ ಸಲ ಬೇರೆಯವರ ಬಾಯಲ್ಲಿ ಕೇಳಿದೆ.